ಅರ್ಥಕ್ಕೆ ಬೀಗ ಹಾಕದ ಸಂತಕವಿ

ಪ್ರಭುವನ್ನು ಕುರಿಗಾಹಿಗೆ ಹೋಲಿಸುವ 23ನೇ ಕೀರ್ತನೆಯನ್ನು ಆಧರಿಸಿದ ಹಾಡುಗಳು ನಮ್ಮ ಎಲ್ಲ ಧರ್ಮಕೇಂದ್ರಗಳಲ್ಲಿಯೂ ಬಳಕೆಯಲ್ಲಿವೆ. ವಿವಾಹದ ಬಲಿಪೂಜೆಯಲ್ಲಿ ಗಾನವೃಂದದವರು ಹಾಡಿದ ಹಾಡೇ ಕೆಲವು ದಿನಗಳ ಅನಂತರ ಶವಸಂಸ್ಕಾರದ ಪೂಜೆಯಲ್ಲಿಯೂ ಕೇಳಿಬರುವುದುಂಟು. ರಾಗ ಅದೇ, ಪದಗಳೂ ಅವೇ. ಆದರೆ ಹೊಸ ಬಾಳಿನ ಹೊಸ್ತಿಲಲ್ಲಿ ನಿಂತ ವಧೂವರರ ಮನಸ್ಸಿಗೆ ಆ ಹಾಡಿನ ಹಸುರು ಹುಲ್ಲುಗಾವಲು ಇಳಿದರೆ, ಗಂಡನನ್ನು ಕಳೆದುಕೊಂಡು ಮೊದಲ ಸಾಲಿನಲ್ಲಿ ಕುಳಿತ ತಾಯಿಗೆ ಅದರ ಕತ್ತಲ ಕಣಿವೆಯೊಂದೇ ಕೇಳಿಸುತ್ತದೆ. ಇವರಲ್ಲಿ ಹಾಡನ್ನು ಸರಿಯಾಗಿ ಅರ್ಥಮಾಡಿಕೊಂಡವರು ಯಾರು?

ಹಾಡು ಕಟ್ಟಿದವನನ್ನೇ ಕೇಳಿದರೆ ಈ ಪ್ರಶ್ನೆಗೆ ಉತ್ತರ ಸಿಕ್ಕೀತೆಂದು ನಮಗೆ ಅನ್ನಿಸುತ್ತದೆ. ಆದರೆ ಎಲ್ಲ ಕವಿಗಳೂ ಅಂಥ ಉತ್ತರವನ್ನು ಕೊಡುವುದಿಲ್ಲ. ಸುಮಾರು 440 ವರ್ಷಗಳ ಹಿಂದೆ ಸ್ಪೇನ್ ದೇಶದಲ್ಲಿ ಒಬ್ಬ ಗುರುವಿಗೆ ಈ ಪ್ರಶ್ನೆ ಎದುರಾಯಿತು. ಅವರು ಕಟ್ಟಿದ ಹಾಡುಗಳನ್ನು ಸನ್ಯಾಸಿನಿಯರು ಬಾಯಿಪಾಠ ಮಾಡಿಕೊಂಡಿದ್ದರು. ಅವುಗಳ ಅರ್ಥವೇನೆಂದು ಬರೆದುಕೊಡಿರೆಂದು ಬೇಡಿಕೊಂಡರು. ಆ ಗುರು ಬರೆದುಕೊಟ್ಟರು. ಆದರೆ ಮುನ್ನುಡಿಯಲ್ಲಿಯೇ, ತಮ್ಮ ವಿವರಣೆಗೆ ಯಾರೂ ಕಟ್ಟುಬೀಳಬೇಕಾಗಿಲ್ಲವೆಂದೂ ತಿಳಿಸಿದರು. ಅವರೇ ಸಂತ ಶಿಲುಬೆಯ ಯೊವಾನ್ನರು. ತಮ್ಮ ಹಾಡಿನ ಅರ್ಥವನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲ ವ್ಯಕ್ತಿ ಅದನ್ನೇಕೆ ಮುಕ್ತವಾಗಿ ಬಿಟ್ಟರು? ಇದಕ್ಕೆ ಉತ್ತರ ಅವರ ಬಾಳಿನಲ್ಲಿಯೂ ಅವರ ಕಾಲದಲ್ಲಿಯೂ ಅಡಗಿದೆ.

ನೇಕಾರಳ ಮಗ

ಯೊವಾನ್ನರು ಹುಟ್ಟಿದ್ದು 1542ರಲ್ಲಿ, ಅವಿಲಾ ಪಟ್ಟಣದ ಸಮೀಪದ ಫೊಂತಿವೇರೊಸ್ ಎಂಬ ಊರಿನಲ್ಲಿ. ತಂದೆ ಗೊನ್ಸಾಲೊ ಸಿರಿವಂತ ರೇಷ್ಮೆ ವರ್ತಕರ ಮನೆತನದವರು. ತಾಯಿ ಕತಲೀನಾ ಬಡ ನೇಕಾರಳು. ಅವಳನ್ನು ಪ್ರೀತಿಸಿ ಮದುವೆಯಾದ ಕಾರಣಕ್ಕೆ ಗೊನ್ಸಾಲೊ ಅವರನ್ನು ಮನೆಯವರು ಹೊರಹಾಕಿದರು. ಪ್ರೀತಿಗಾಗಿ ಆಸ್ತಿಯನ್ನು ಬಿಟ್ಟು ಮಗ್ಗದ ಮುಂದೆ ಕುಳಿತ ಆ ತಂದೆ, ಮಕ್ಕಳು ಇನ್ನೂ ಚಿಕ್ಕವರಿರುವಾಗಲೇ ತೀರಿಕೊಂಡರು. ಮುಂದೆ ಲೋಕದ ಅತಿ ಶ್ರೇಷ್ಠ ಪ್ರೇಮಗೀತೆಗಳಲ್ಲಿ ಒಂದನ್ನು ಕಟ್ಟಿದ ಮಗನಿಗೆ ಪ್ರೀತಿಯ ಬೆಲೆ ಏನೆಂಬುದು ಹಸಿವಿನ ಮೂಲಕವೇ ತಿಳಿದಿತ್ತು.

ತಾಯಿ ಮಕ್ಕಳೊಂದಿಗೆ ಮೆದೀನಾ ದೆಲ್ ಕಾಂಪೊ ಎಂಬ ಸಂತೆಯ ಪಟ್ಟಣವನ್ನು ಸೇರಿದರು. ಹುಡುಗ ಅಲ್ಲಿನ ಆಸ್ಪತ್ರೆಯಲ್ಲಿ ರೋಗಿಗಳ ಸೇವೆ ಮಾಡುತ್ತಲೇ ಯೇಸುಸಭೆಯವರ ಶಾಲೆಯಲ್ಲಿ ಓದಿದನು. 1563ರಲ್ಲಿ ಕಾರ್ಮೆಲ್ ಸಭೆಯನ್ನು ಸೇರಿ, 1564ರಿಂದ 1568ರವರೆಗೆ ಸಲಮಾಂಕ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡಿದನು. 1567ರಲ್ಲಿ ಗುರುದೀಕ್ಷೆಯಾಯಿತು. ಆ ವರ್ಷವೇ ಮೆದೀನಾದಲ್ಲಿ ಅವಿಲಾದ ಮಾತೆ ತೆರೇಸಾ ಅವರ ಭೇಟಿಯಾಯಿತು. ಕಾರ್ಮೆಲ್ ಸಭೆಯನ್ನು ಮೊದಲಿನ ಬಡತನಕ್ಕೂ ಪ್ರಾರ್ಥನಾ ಜೀವನಕ್ಕೂ ಹಿಂದಿರುಗಿಸಬೇಕೆಂಬ ಹಂಬಲದಲ್ಲಿದ್ದ ಆ ಮಹಾತಾಯಿ ಯುವಗುರುವನ್ನು ತಮ್ಮ ಕಾರ್ಯಕ್ಕೆ ಸೆಳೆದುಕೊಂಡರು. 1568ರ ನವೆಂಬರ್ 28ರಂದು ದುರುಯೇಲೊ ಎಂಬ ಕುಗ್ರಾಮದ ಹಳೆಯ ಮನೆಯೊಂದರಲ್ಲಿ ಸುಧಾರಿತ ಕಾರ್ಮೆಲ್ ಸನ್ಯಾಸಿಗಳ ಮೊದಲ ಮಠ ಆರಂಭವಾಯಿತು.

ಸೆರೆಮನೆಯಲ್ಲಿ ಹುಟ್ಟಿದ ಹಾಡು

ಸುಧಾರಣೆ ಯಾವ ಕಾಲದಲ್ಲಿಯೂ ಸುಲಭವಲ್ಲ. ಹಳೆಯ ಸಂಪ್ರದಾಯದ ಸನ್ಯಾಸಿಗಳು ಇದನ್ನು ಅವಿಧೇಯತೆಯೆಂದೇ ಬಗೆದರು. 1577ರ ಡಿಸೆಂಬರ್ 2ರ ರಾತ್ರಿ ಯೊವಾನ್ನರನ್ನು ಅವಿಲಾದಲ್ಲಿ ಬಂಧಿಸಿ ತೊಲೇದೊ ನಗರದ ಮಠಕ್ಕೆ ಕೊಂಡೊಯ್ದರು. ಎರಡೇ ದಿನಗಳಲ್ಲಿ ಮಾತೆ ತೆರೇಸಾ ದೊರೆ ಎರಡನೇ ಫಿಲಿಪ್ಪನಿಗೆ ಪತ್ರ ಬರೆದು ಅವರ ಬಿಡುಗಡೆಗಾಗಿ ಮೊರೆಯಿಟ್ಟರು, ಫಲವಾಗಲಿಲ್ಲ.

ಅವರನ್ನು ಕೂಡಿಹಾಕಿದ ಕೋಣೆ ಸುಮಾರು 6 ಅಡಿ ಅಗಲ, 10 ಅಡಿ ಉದ್ದವಿತ್ತು. ಗೋಡೆಯ ಮೇಲ್ಭಾಗದಲ್ಲಿ ಮೂರು ಬೆರಳಗಲದ ಕಿಂಡಿ. ನಡುಹಗಲಿನಲ್ಲಿ ಬೆಂಚಿನ ಮೇಲೆ ಹತ್ತಿ ನಿಂತರೆ ಮಾತ್ರ ಪ್ರಾರ್ಥನಾ ಪುಸ್ತಕ ಓದಲು ಸಾಕಾಗುವಷ್ಟು ಬೆಳಕು. ರೊಟ್ಟಿ, ನೀರು, ಕೆಲವೊಮ್ಮೆ ಒಂದು ಮೀನು. ಊಟದ ಕೋಣೆಯಲ್ಲಿ ಎಲ್ಲರ ಮುಂದೆ ಛಡಿಯೇಟು. ಹೊಡೆದವರು ಪರಕೀಯರಲ್ಲ, ತಮ್ಮದೇ ಸಭೆಯ ಸಹೋದರರು. ಬಲಿಪೂಜೆಯನ್ನು ಅರ್ಪಿಸುವುದಕ್ಕೂ ಅನುಮತಿಯಿರಲಿಲ್ಲ. ಆಗ ಅವರ ವಯಸ್ಸು 35.

ಆ ಕತ್ತಲೆಯಲ್ಲಿ ಅವರು ಮನಸ್ಸಿನಲ್ಲಿಯೇ ಹಾಡು ಕಟ್ಟತೊಡಗಿದರು. ಕೆಲವು ತಿಂಗಳ ಅನಂತರ ಬಂದ ಕರುಣೆಯುಳ್ಳ ಕಾವಲುಗಾರನೊಬ್ಬ ಕಾಗದ, ಶಾಯಿ ತಂದುಕೊಟ್ಟನು. ರಾತ್ರಿಯ ಹೊತ್ತು ಹೊರಗಿನ ಬೀದಿಯಲ್ಲಿ ಪಡ್ಡೆಹುಡುಗನೊಬ್ಬನು ಹಾಡಿಕೊಂಡು ಹೋಗುತ್ತಿದ್ದ ವಿರಹದ ಹಾಡು ಆ ಕಿಂಡಿಯ ಮೂಲಕ ಕೇಳಿಬಂದು, ಅದು ಆತ್ಮನ ಕೂಗಾಗಿಯೇ ಅವರ ಎದೆಯನ್ನು ತಟ್ಟಿತೆಂದು ಅವರ ಬಗ್ಗೆ ಹೇಳುವುದುಂಟು. ಪೂಜೆಯಿಲ್ಲದ ಆ ತಿಂಗಳುಗಳಲ್ಲಿ, ರಾತ್ರಿಯಲ್ಲಿಯೂ ಹರಿಯುವ ಒಂದು ಬುಗ್ಗೆಯನ್ನು ಕುರಿತು, ಆ ಬುಗ್ಗೆ ಜೀವದ ರೊಟ್ಟಿಯಲ್ಲಿ ಮರೆಯಾಗಿರುವುದನ್ನು ಕುರಿತು ಅವರು ಹಾಡಿದರು. ಅಲ್ಲಿಯೇ 'ಆತ್ಮಿಕ ಗೀತೆ' ಎಂದು ಮುಂದೆ ಹೆಸರಾದ ದೀರ್ಘ ಕವಿತೆಯ ಮೊದಲ 31 ಪದ್ಯಗಳೂ ಹುಟ್ಟಿದವು.

ಆ ಹಾಡಿನ ಕಥೆ ಸರಳ. ಪ್ರಿಯನು ಹೃದಯವನ್ನು ಗಾಯಗೊಳಿಸಿ ಮರೆಯಾಗಿದ್ದಾನೆ. ಪ್ರಿಯತಮೆ ಬೆಟ್ಟಕಾಡುಗಳಲ್ಲಿ ಅಲೆದು, ಕುರುಬರನ್ನೂ ಮರಗಿಡಗಳನ್ನೂ ಕೇಳುತ್ತಾ ಅವನನ್ನು ಹುಡುಕುತ್ತಾಳೆ. ಕೊನೆಗೆ ಇಬ್ಬರೂ ಕೂಡುತ್ತಾರೆ. ಪದ್ಯದ ಅಚ್ಚು ಸ್ಪೇನಿನ ಪ್ರೇಮಕವಿ ಗಾರ್ಸಿಲಾಸೊ ಬಳಕೆಗೆ ತಂದದ್ದು. ಕ್ರಮವಾಗಿ 7, 11, 7, 7, 11 ಅಕ್ಷರಗಣನೆಯ ಐದು ಸಾಲುಗಳ ಈ ಪದ್ಯಕ್ಕೆ 'ಲೀರಾ' ಎಂದು ಹೆಸರು. ಅಚ್ಚರಿಯ ಸಂಗತಿಯೆಂದರೆ ಇಡೀ ಹಾಡಿನಲ್ಲಿ ಪ್ರಿಯನು ಯಾರೆಂದು ಹೆಸರಿಸಿಲ್ಲ. ಪೀಠಿಕೆಯಿಲ್ಲದೆ ಕೇಳಿದವನಿಗೆ ಅದು ಯುವಕ ಯುವತಿಯರ ಪ್ರೇಮಗೀತೆಯಂತೆಯೇ ಕೇಳಿಸುತ್ತದೆ. ಪವಿತ್ರ ಗ್ರಂಥದ ಪರಮಗೀತೆಯನ್ನು ಓದಿದವರಿಗೆ ಮಾತ್ರ ಅದರ ತವರುಮನೆ ಯಾವುದೆಂದು ತಿಳಿಯುತ್ತದೆ.

ಪ್ರೇಮಗೀತೆಯೂ ಅಪಾಯವಾಗಿದ್ದ ಕಾಲ

ಇಂದು ನಮಗೆ ಇದರಲ್ಲಿ ತೊಡಕೇನೂ ಕಾಣದು. ಆದರೆ ಅಂದಿನ ಸ್ಪೇನಿನಲ್ಲಿ ಪರಮಗೀತೆಯ ಮಾತೇ ಬೆಂಕಿಯೊಡನೆ ಸರಸವಾಗಿತ್ತು. 1559ರಲ್ಲಿ ಅಲ್ಲಿನ ಧರ್ಮವಿಚಾರಣಾ ಮಂಡಳಿ ಪ್ರಕಟಿಸಿದ ನಿಷೇಧಿತ ಪುಸ್ತಕಗಳ ಪಟ್ಟಿಯಲ್ಲಿ ಜನಭಾಷೆಯ ಬೈಬಲ್ ಕೂಡ ಸೇರಿತ್ತು. ಲತೀನ್ ಬಾರದ ಸನ್ಯಾಸಿನಿಯರು ಪರಮಗೀತೆಯನ್ನು ತಮ್ಮ ನುಡಿಯಲ್ಲಿ ಓದುವಂತಿರಲಿಲ್ಲ. ಯೊವಾನ್ನರು ವಿದ್ಯಾರ್ಥಿಯಾಗಿದ್ದಾಗ ಸಲಮಾಂಕದಲ್ಲಿ ಪ್ರಾಧ್ಯಾಪಕರಾಗಿದ್ದ ಅಗಸ್ಟೀನ್ ಸಭೆಯ ಫ್ರಾಯ್ ಲುಯಿಸ್ ದೆ ಲೆಯೋನ್ ಅವರು ಒಬ್ಬ ಸನ್ಯಾಸಿನಿಗಾಗಿ ಪರಮಗೀತೆಯನ್ನು ಸ್ಪ್ಯಾನಿಷಿಗೆ ಅನುವಾದಿಸಿ ವಿವರಿಸಿದ್ದರು. ಅದೂ ಒಂದು ಆರೋಪವಾಗಿ 1572ರಿಂದ 1576ರವರೆಗೆ ಅವರು ವಿಚಾರಣಾ ಮಂಡಳಿಯ ಸೆರೆಯಲ್ಲಿ ಕಳೆಯಬೇಕಾಯಿತು. ಮಾತೆ ತೆರೇಸಾ ಅವರು ಪರಮಗೀತೆಯ ಕೆಲವು ಮಾತುಗಳ ಮೇಲೆ ತಮ್ಮ ಧ್ಯಾನಗಳನ್ನು ಬರೆದಿದ್ದರು. ಹೆಂಗಸೊಬ್ಬಳು ಇಂಥ ಗ್ರಂಥದ ಮೇಲೆ ಬರೆಯುವುದು ತರವಲ್ಲವೆಂದು ಅವರ ಪಾಪನಿವೇದನೆಯ ಗುರುಗಳು ಹೇಳಿದಾಗ, ತೆರೇಸಾ ಮರುಮಾತಿಲ್ಲದೆ ಹಸ್ತಪ್ರತಿಯನ್ನು ಬೆಂಕಿಗೆ ಹಾಕಿದರು. ಬೇರೆಯವರ ಬಳಿಯಿದ್ದ ಪ್ರತಿಗಳಿಂದಾಗಿ ಆ ಬರಹ ನಮಗೆ ಉಳಿದಿದೆ.

ಹಿರಿಯರ ಆತಂಕಕ್ಕೆ ಕಾರಣವಿರಲಿಲ್ಲ ಎನ್ನುವಂತಿಲ್ಲ. ಧರ್ಮಸಭೆಯ ಬೋಧನೆ ಬೇಡ, ಸಂಸ್ಕಾರ ಬೇಡ, ನಮ್ಮ ಅಂತರಂಗದ ಬೆಳಕೇ ಸಾಕು ಎನ್ನುವ ಗುಂಪುಗಳು ಅಂದು ಸ್ಪೇನಿನಲ್ಲಿದ್ದವು. ಅರ್ಥವನ್ನು ಮುಕ್ತವಾಗಿ ಬಿಟ್ಟರೆ ಜನ ದಾರಿ ತಪ್ಪಿಯಾರೆಂಬ ಭಯ ಹುಟ್ಟಿದ್ದು ಹೀಗೆ. ಇಂಥ ಕಾಲದಲ್ಲಿ ಯೊವಾನ್ನರು ಹೆಸರಿಲ್ಲದ ಪ್ರಿಯನನ್ನು ಕುರಿತ ಹಾಡನ್ನು ಕಟ್ಟಿ, ಅದನ್ನು ಲತೀನ್ ಬಾರದ ಸೋದರಿಯರ ಬಾಯಿಗೆ ಕೊಟ್ಟರೆಂಬುದನ್ನು ನಾವು ಮರೆಯಬಾರದು.

ಹಾಡಿದವರ ಪಾಲು

1578ರ ಆಗಸ್ಟ್ ತಿಂಗಳ ಒಂದು ರಾತ್ರಿ, ಮೊದಲೇ ಸಡಿಲಿಸಿಟ್ಟಿದ್ದ ಬೀಗವನ್ನು ಕಳಚಿ, ಹೊದಿಕೆಯ ಪಟ್ಟಿಗಳಿಂದ ಮಾಡಿದ ಹಗ್ಗ ಹಿಡಿದು ಯೊವಾನ್ನರು ಕಿಟಕಿಯಿಂದ ಕೆಳಗಿಳಿದರು. ಬೆಳಗಾದ ಮೇಲೆ ತೊಲೇದೊದ ಕಾರ್ಮೆಲ್ ಸೋದರಿಯರ ಮಠದ ಬಾಗಿಲು ತಟ್ಟಿದರು. ಅಲ್ಲಿಂದ ದಕ್ಷಿಣಕ್ಕೆ ಹೋದ ಅವರು, ಬೆಯಾಸ್ ಎಂಬ ಊರಿನ ಸನ್ಯಾಸಿನಿಯರ ಆತ್ಮಿಕ ಮಾರ್ಗದರ್ಶಿಯಾದರು. ಅಲ್ಲಿನ ಮಠಾಧ್ಯಕ್ಷೆ ಮಾತೆ ಆನಾ ದೆ ಹೆಸೂಸ್, ಎಂದರೆ ಯೇಸುವಿನ ಆನ್ನಾ. ಸೆರೆಮನೆಯಲ್ಲಿ ಬರೆದ ಪುಟಗಳನ್ನು ಸೋದರಿಯರು ನಕಲು ಮಾಡಿಕೊಂಡರು. ಕಾರ್ಮೆಲ್ ಮಠಗಳಲ್ಲಿ ವಿರಾಮದ ಹೊತ್ತು ಹಾಡುವ ಪದ್ಧತಿಯನ್ನು ತೆರೇಸಾ ಅವರೇ ಬೆಳೆಸಿದ್ದರು. ಹೀಗೆ ಅಚ್ಚಾಗುವುದಕ್ಕೆ ಬಹು ಹಿಂದೆಯೇ ಆ ಹಾಡುಗಳು ಬಾಯಿಂದ ಬಾಯಿಗೆ ಹರಿದವು.

ಆ ಸೋದರಿಯರಲ್ಲಿ ಒಬ್ಬರಾದ ಮಗ್ದಲೇನಾ ಅವರು ನೆನಪಿನಿಂದ ಬರೆದಿಟ್ಟ ಒಂದು ಸಂಗತಿ ನಮ್ಮ ವಿಷಯಕ್ಕೆ ಬಹಳ ಹತ್ತಿರವಾದುದು. ಹಾಡುಗಳ ಸೊಬಗಿಗೆ ಬೆರಗಾದ ಆಕೆ, ಈ ಪದಗಳನ್ನು ದೇವರೇ ನಿಮಗೆ ಕೊಟ್ಟರೇ ಎಂದು ಯೊವಾನ್ನರನ್ನು ಕೇಳಿದರಂತೆ. ಕೆಲವು ಸಲ ದೇವರು ಕೊಡುತ್ತಿದ್ದರು, ಕೆಲವು ಸಲ ತಾವೇ ಹುಡುಕುತ್ತಿದ್ದೆವು ಎಂಬುದು ಅವರ ಉತ್ತರವಾಗಿತ್ತು. ಎಲ್ಲವೂ ದೇವವಾಣಿಯೆಂದು ಹೇಳಿ ಮೆರೆಯಲೂ ಇಲ್ಲ, ಎಲ್ಲವೂ ತಮ್ಮ ಜಾಣ್ಮೆಯೆಂದು ಬೀಗಲೂ ಇಲ್ಲ. ಹಾಡಿನ ಒಂದು ಭಾಗ ತಮ್ಮದಲ್ಲವೆಂದು ಒಪ್ಪಿದ ಕವಿ, ಅದರ ಅರ್ಥ ಪೂರ್ತಿಯಾಗಿ ತಮ್ಮ ಸ್ವತ್ತೆಂದು ಹೇಗೆ ಹೇಳಿಯಾರು?

ಇನ್ನೊಂದು ಸಂಗತಿ ಫ್ರಾನ್ಸಿಸ್ಕಾ ಎಂಬ ಸೋದರಿಯದು. ನಿಮ್ಮ ಪ್ರಾರ್ಥನೆ ಹೇಗಿರುತ್ತದೆ ಎಂದು ಯೊವಾನ್ನರು ಕೇಳಿದಾಗ, ದೇವರ ಸೌಂದರ್ಯವನ್ನು ನೋಡುವುದು, ಅವರು ಅಷ್ಟು ಸುಂದರರಾಗಿದ್ದಾರಲ್ಲ ಎಂದು ಸಂತೋಷಪಡುವುದು, ಅಷ್ಟೇ ಎಂದು ಆಕೆ ಉತ್ತರಿಸಿದರು. ಸಲಮಾಂಕದಲ್ಲಿ ಓದಿದ ಗುರುವಿಗೆ ಈ ಮಾತಿನಿಂದಾದ ಆನಂದ ಎಷ್ಟೆಂದರೆ, ಕೆಲವು ದಿನ ಅವರು ದೇವರ ಸೌಂದರ್ಯವನ್ನು ಬಿಟ್ಟು ಬೇರೆ ಮಾತನಾಡಲಿಲ್ಲ; 'ಆತ್ಮಿಕ ಗೀತೆ'ಯ ಕೊನೆಯ ಐದು ಪದ್ಯಗಳು ಹುಟ್ಟಿದ್ದು ಆಗಲೇ. ಹಾಡುವವರ ಪ್ರಾರ್ಥನೆ ಹೀಗೆ ಹಾಡಿನೊಳಕ್ಕೇ ಬಂದು ಸೇರಿತು. ಪದ್ಯಗಳ ಸಂಖ್ಯೆ 39ಕ್ಕೆ ಏರಿತು.

1584ರ ಮುನ್ನುಡಿ

ಕೆಲವು ವರ್ಷಗಳ ಅನಂತರ ಮಾತೆ ಆನಾ ಗ್ರನಾದಾ ನಗರದ ಮಠದ ಅಧ್ಯಕ್ಷೆಯಾದರು. ಯೊವಾನ್ನರೂ ಅದೇ ನಗರದ ಮಠಕ್ಕೆ ಮುಖ್ಯಸ್ಥರಾಗಿ ಬಂದರು. ಆಕೆಯ ಕೋರಿಕೆಯ ಮೇರೆಗೆ 1584ರಲ್ಲಿ ಅವರು ಹಾಡಿನ ಪ್ರತಿಯೊಂದು ಪದ್ಯಕ್ಕೂ ವಿವರಣೆ ಬರೆದರು. ಆ ಮುನ್ನುಡಿಯ ಸಾರಾಂಶ ಹೀಗಿದೆ. ದೇವರ ಪ್ರೀತಿಯಿಂದ ತುಂಬಿ ಬಂದ ಮಾತುಗಳನ್ನು ಪೂರ್ಣವಾಗಿ ವಿವರಿಸುವೆನೆಂದು ಹೊರಡುವುದು ಅಜ್ಞಾನ. ಪ್ರೀತಿಸುವ ಆತ್ಮಕ್ಕೆ ದೇವರು ತಿಳಿಸುವುದನ್ನು ಆ ಆತ್ಮವೇ ಹೇಳಲಾರದು. ಆದ್ದರಿಂದಲೇ ಅದು ಉಪಮೆಗಳಲ್ಲಿ, ಚಿತ್ರಗಳಲ್ಲಿ ತುಳುಕುತ್ತದೆ. ಪ್ರೀತಿಯ ಸರಳತೆಯಿಂದ ಓದದವರಿಗೆ ಇಂಥ ಮಾತುಗಳು ಬರಿಯ ಹುಚ್ಚುಮಾತುಗಳಾಗಿ ತೋರಿಯಾವು. ಪರಮಗೀತೆಯ ಮೇಲೆ ಎಷ್ಟೋ ಪಂಡಿತರು ಬರೆದರೂ ಬರೆದು ಮುಗಿಸಲಾಗಲಿಲ್ಲ. ಆದ್ದರಿಂದ ಪ್ರೀತಿಯ ಮಾತುಗಳನ್ನು ಅವುಗಳ ಪೂರ್ಣ ವೈಶಾಲ್ಯದಲ್ಲಿ ಬಿಡುವುದೇ ಲೇಸು. ಒಂದೇ ಅರ್ಥಕ್ಕೆ ಕುಗ್ಗಿಸಿದರೆ ಅದು ಎಲ್ಲರ ನಾಲಗೆಗೂ ಹಿಡಿಸದು. ಬಿಚ್ಚಿಟ್ಟರೆ ಒಬ್ಬೊಬ್ಬರೂ ತಮ್ಮ ತಮ್ಮ ಶಕ್ತಿಗೆ ತಕ್ಕಂತೆ ಪ್ರಯೋಜನ ಪಡೆದಾರು.

ಇದರಲ್ಲಿ ಎರಡು ಬಗೆಯ ಗೌರವವಿದೆ. ಮೊದಲನೆಯದು ದೇವರ ಮೇಲಿನದು. ಮಾತಿನಲ್ಲಿ ಹಿಡಿದಿಡಬಲ್ಲ ದೇವರು ನಮ್ಮ ಮಾತಿನಷ್ಟೇ ಚಿಕ್ಕವರಾಗಿರಬೇಕಾಗುತ್ತದೆ. ಎರಡನೆಯದು ಹಾಡುವವರ ಮೇಲಿನದು. ಅಡಿಗೆಮನೆಯ ಸೋದರಿಗೂ ವಿದ್ವಾಂಸನಿಗೂ ಪವಿತ್ರಾತ್ಮರು ಒಂದೇ ಅಳತೆಯ ಉಡುಪನ್ನು ಹೊಲಿಯುವುದಿಲ್ಲವೆಂದು ಯೊವಾನ್ನರು ಬಲ್ಲವರಾಗಿದ್ದರು.

ಅವರು ಹೊಸ ದಾರಿಯನ್ನೇನೂ ಹಿಡಿದಿರಲಿಲ್ಲ. ಎಂಟೇ ಅಧ್ಯಾಯಗಳ ಪರಮಗೀತೆಯನ್ನು ಎರಡನೆಯ ಶತಮಾನದ ಯೆಹೂದ್ಯ ಗುರು ಅಕೀವಾ ಪವಿತ್ರ ಗ್ರಂಥಗಳಲ್ಲೇ ಅತಿ ಪವಿತ್ರವೆಂದು ಎತ್ತಿಹಿಡಿದರು. ಔತಣದ ಮನೆಗಳಲ್ಲಿ ಅದನ್ನು ಮೋಜಿನ ಹಾಡಾಗಿ ಹಾಡುವವರನ್ನು ಖಂಡಿಸಿದರು. ಅಂದರೆ ಆಗಲೇ ಅದನ್ನು ಎರಡು ಬಗೆಯಲ್ಲಿ ಕೇಳುವವರಿದ್ದರು! ಯೆಹೂದ್ಯರು ಅದರಲ್ಲಿ ದೇವರು ಮತ್ತು ಇಸ್ರಯೇಲಿನ ಪ್ರೀತಿಯನ್ನು ಕಂಡರು. ಮೂರನೆಯ ಶತಮಾನದ ಒರಿಜೆನ್ ಕ್ರಿಸ್ತ ಮತ್ತು ಧರ್ಮಸಭೆಯ ಪ್ರೀತಿಯನ್ನೂ ಕ್ರಿಸ್ತ ಮತ್ತು ಒಬ್ಬೊಬ್ಬ ವಿಶ್ವಾಸಿಯ ಪ್ರೀತಿಯನ್ನೂ ಕಂಡರು. ಸಂತ ಬರ್ನಾರ್ದರು 1135ರಿಂದ 1153ರಲ್ಲಿ ಸಾಯುವವರೆಗೆ, 18 ವರ್ಷಗಳಲ್ಲಿ 86 ಪ್ರಬೋಧನೆಗಳನ್ನು ರಚಿಸಿ ಮೂರನೆಯ ಅಧ್ಯಾಯದ ಆರಂಭವನ್ನಷ್ಟೇ ತಲಪಿದರು. ಮದುವೆಯಾದ ದಂಪತಿಗಳ ಪ್ರೀತಿಯನ್ನು ಹಾಡುವ ಗ್ರಂಥವಾಗಿಯೂ ಧರ್ಮಸಭೆ ಇಂದು ಅದನ್ನು ಆದರಿಸುತ್ತದೆ. ಈ ಅರ್ಥಗಳಲ್ಲಿ ಒಂದು ಮತ್ತೊಂದನ್ನು ಕೊಂದಿಲ್ಲ.

ಮುಕ್ತತೆ ಎಂದರೆ ಗೊತ್ತುಗುರಿ ಇಲ್ಲದಿರುವುದೇ?

ಇಲ್ಲಿ ಒಂದು ಸಂದೇಹ ಸಹಜ. ಯಾರು ಏನು ಅರ್ಥ ಹೇಳಿದರೂ ಸರಿಯೆ? ಯೊವಾನ್ನರು ಹಾಗೆ ಹೇಳಲಿಲ್ಲ. ಅದೇ ಮುನ್ನುಡಿಯಲ್ಲಿ ತಾವು ಹೇಳುವುದೆಲ್ಲವನ್ನೂ ಪವಿತ್ರ ಗ್ರಂಥಕ್ಕೂ ಮಾತೆ ಧರ್ಮಸಭೆಯ ತೀರ್ಪಿಗೂ ಒಪ್ಪಿಸಿದರು. ವಿವರಣೆಯೇ ಬೇಡವೆಂದು ಕೈತೊಳೆದುಕೊಳ್ಳದೆ, ಒಂದೊಂದು ಪದ್ಯದ ಪಕ್ಕದಲ್ಲಿಯೂ ಕುಳಿತು ನೂರಾರು ಪುಟ ಬರೆದರು. ಹೊಲಕ್ಕೆ ಬೇಲಿಯಿದೆ, ಒಳಗೆ ನಡೆದಾಡಲು ಜಾಗವೂ ಧಾರಾಳವಾಗಿದೆ ಎಂಬಂತೆ ಅವರ ನಿಲುವು. ಪ್ರೀತಿಯಿಂದ ದೂರ ಒಯ್ಯುವ ಅರ್ಥಕ್ಕೆ ಆ ಹಾಡಿನಲ್ಲಿ ಜಾಗವಿಲ್ಲ.

ಒಗಟಿನ ಹಾಡುಗಳು ಕನ್ನಡಿಗರಾದ ನಮಗೆ ಹೊಸವಲ್ಲ. ಅಲ್ಲಮಪ್ರಭುಗಳ ಬೆಡಗಿನ ವಚನಗಳು, ಕನಕದಾಸರ ಮುಂಡಿಗೆಗಳು, ಶಿಶುನಾಳ ಶರೀಫರ ತತ್ವಪದಗಳು ನಮ್ಮ ನಾಡಿನ ಸಂಪತ್ತು. ಬೆಡಗಿನ ವಚನಗಳಿಗೆ ಟೀಕೆ ಬರೆಯುವ ಸಂಪ್ರದಾಯವೇ ನಮ್ಮಲ್ಲಿ ಬೆಳೆಯಿತು. ಮುಂಡಿಗೆಯಲ್ಲಿ ಗಂಟೊಂದಿರುತ್ತದೆ, ಬಲ್ಲವರು ಅದನ್ನು ಬಿಡಿಸುತ್ತಾರೆ, ಬಿಡಿಸಿದಾಗ ಕೇಳುಗರಿಗೆ ಬೆಳಕು ಮೂಡುತ್ತದೆ. ಯೊವಾನ್ನರ ಹಾಡಿನ ಬಗೆ ಬೇರೆ. ಅದರಲ್ಲಿ ಬಿಡಿಸಬೇಕಾದ ಗಂಟಿಲ್ಲ. ಬಾವಿಯಿಂದ ನೀರು ಸೇದುವಂತೆ, ಬಿಂದಿಗೆ ತಂದವರು ಬಿಂದಿಗೆಯಷ್ಟು, ಚೆಂಬು ತಂದವರು ಚೆಂಬಿನಷ್ಟು ಒಯ್ಯುತ್ತಾರೆ.

ಕವಿಗೂ ತನ್ನ ಹಾಡು ಮುಗಿದ ಮಾತಾಗಿರಲಿಲ್ಲ. 'ಆತ್ಮಿಕ ಗೀತೆ'ಯ ಎರಡನೆಯ ಪಾಠದಲ್ಲಿ ಒಂದು ಪದ್ಯ ಸೇರಿ 40 ಆಯಿತು, ನಡುವಿನ ಪದ್ಯಗಳ ಕ್ರಮವೂ ಬದಲಾಯಿತು, ಕೊನೆಯ ಪದ್ಯಗಳ ವಿವರಣೆ ಸ್ವರ್ಗದ ಕಡೆಗೆ ಹೆಚ್ಚು ತಿರುಗಿತು. 'ಕತ್ತಲ ರಾತ್ರಿ' ಎಂಬ ಎಂಟು ಪದ್ಯಗಳ ಕವಿತೆಯನ್ನು ವಿವರಿಸಲು ಅವರು ಎರಡು ದೊಡ್ಡ ಗ್ರಂಥಗಳನ್ನು ಕೈಗೆತ್ತಿಕೊಂಡರು, ಎರಡೂ ಅಪೂರ್ಣ. ಮೂರನೆಯ ಪದ್ಯವನ್ನು ಆರಂಭಿಸುತ್ತಿದ್ದಂತೆಯೇ ವಿವರಣೆ ನಿಂತುಹೋಗುತ್ತದೆ. ಆತ್ಮ ಕತ್ತಲೆಯಲ್ಲಿ ಮನೆ ಬಿಟ್ಟು ಹೊರಟದ್ದಕ್ಕೆ ವಿವರಣೆಯಿದೆ. ಪ್ರಿಯನ ಎದೆಯಲ್ಲಿ ವಿಶ್ರಮಿಸಿದ್ದಕ್ಕೆ ಹಾಡು ಮಾತ್ರ ಇದೆ. ಡೋನಾ ಆನಾ ದೆ ಪೆನ್ಯಾಲೋಸಾ ಎಂಬ ಗೃಹಸ್ಥ ವಿಧವೆಗಾಗಿ ಬರೆದ 'ಪ್ರೀತಿಯ ಜೀವಜ್ವಾಲೆ'ಯ ವಿವರಣೆಯ ಕೊನೆಯಲ್ಲಿಯೂ, ಇದನ್ನು ಹೇಳಲು ತಮಗೆ ಬಾರದೆಂದು ಒಪ್ಪಿಕೊಂಡು ಲೇಖನಿಯನ್ನು ಕೆಳಗಿಡುತ್ತಾರೆ.

ಕವಿಯ ಮರಣಾನಂತರ

1591ರ ಡಿಸೆಂಬರ್ 14ರಂದು ಊಬೆದಾ ಎಂಬಲ್ಲಿ ಯೊವಾನ್ನರು ತೀರಿಕೊಂಡಾಗ ಅವರ ಯಾವ ಗ್ರಂಥವೂ ಅಚ್ಚಾಗಿರಲಿಲ್ಲ. 1618ರಲ್ಲಿ ಅವರ ಕೃತಿಗಳು ಮೊದಲ ಬಾರಿಗೆ ಅಚ್ಚಾದವು. ಆದರೆ ಅದರಲ್ಲಿ 'ಆತ್ಮಿಕ ಗೀತೆ' ಇರಲಿಲ್ಲ. ಪರಮಗೀತೆಯ ನೆರಳು ಬಿದ್ದ ಕೃತಿಯನ್ನು ಹೊರತರುವುದು ಅಂದಿನ್ನೂ ಸುಲಭವಾಗಿರಲಿಲ್ಲ. ಅದು ಮೊದಲು ಬೆಳಕು ಕಂಡದ್ದು ಫ್ರೆಂಚ್ ಅನುವಾದದಲ್ಲಿ, 1622ರಲ್ಲಿ, ಪ್ಯಾರಿಸ್ಸಿನಲ್ಲಿ. ಮೂಲ ಸ್ಪ್ಯಾನಿಷಿನಲ್ಲಿ ಅಚ್ಚಾದದ್ದು 1627ರಲ್ಲಿ, ಬ್ರಸೆಲ್ಸಿನಲ್ಲಿ. ಹಾಡಿನ ಅರ್ಥ ಕೇಳಿದ್ದ ಮಾತೆ ಆನಾ ಫ್ರಾನ್ಸಿನಲ್ಲಿ ಕಾರ್ಮೆಲ್ ಮಠಗಳನ್ನು ಸ್ಥಾಪಿಸಿ, ಬ್ರಸೆಲ್ಸಿಗೆ ಬಂದು, ಅಲ್ಲಿಯೇ 1621ರಲ್ಲಿ ಕಣ್ಮುಚ್ಚಿದ್ದರು. ಸ್ಪೇನಿನಲ್ಲಿ ಅದು ಅಚ್ಚಾಗುವಾಗ 1630 ಆಗಿತ್ತು. ಅನುಮಾನದ ಕಣ್ಣಿಗೆ ಬಿದ್ದಿದ್ದ ಆ ಕವಿಯನ್ನು ಧರ್ಮಸಭೆ 1726ರಲ್ಲಿ ಸಂತಪದವಿಗೆ ಏರಿಸಿತು. 1926ರಲ್ಲಿ ವಿಶ್ವಗುರು ಹನ್ನೊಂದನೇ ಪಿಯುಸ್ ಅವರು 'ಧರ್ಮಸಭೆಯ ಪಂಡಿತ' ಎಂದು ಸಾರಿದರು. ಮಾತೆ ಆನಾ ಅವರನ್ನು 2024ರ ಸೆಪ್ಟೆಂಬರ್ 29ರಂದು ಪೋಪ್ ಫ್ರಾನ್ಸಿಸ್ ಬ್ರಸೆಲ್ಸಿನಲ್ಲಿಯೇ ಪುನೀತ ಪದವಿಗೆ ಏರಿಸಿದರು.

ಒಬ್ಬೊಬ್ಬರೂ ತಮ್ಮ ಶಕ್ತಿಗೆ ತಕ್ಕಂತೆ ಪಡೆಯಲಿ ಎಂಬ ಅವರ ಆಶಯ ಫಲಿಸಿತು. ಫ್ರಾನ್ಸಿನ ಲಿಸ್ಯೂ ಮಠದಲ್ಲಿ 17-18ರ ಹರೆಯದ ಸಂತ ತೆರೇಸಾ ಅವರಿಗೆ ಈ ಗ್ರಂಥಗಳೇ ಆತ್ಮಕ್ಕೆ ಊಟವಾದವು. ಅವುಗಳಿಂದ ಅವರು ಕಲಿತದ್ದು ಮಗುವಿನಂತಹ ಪ್ರೀತಿಯ ದಾರಿ. ಯೆಹೂದ್ಯ ಮನೆತನದಲ್ಲಿ ಹುಟ್ಟಿ ಕಾರ್ಮೆಲ್ ಸೇರಿದ ತತ್ವಜ್ಞಾನಿ ಎಡಿತ್ ಸ್ಟೈನ್, 1942ರಲ್ಲಿ ಯೊವಾನ್ನರ ಮೇಲಿನ ಗ್ರಂಥ ಬರೆಯುತ್ತಿದ್ದಾಗಲೇ ನಾಜಿಗಳ ಕೈಗೆ ಸಿಕ್ಕು ಆಶ್ವಿಟ್ಜಿನಲ್ಲಿ ಹುತಾತ್ಮರಾದರು. ಅವರಿಗೆ ಆ ರಾತ್ರಿ ಶಿಲುಬೆಯ ರಾತ್ರಿಯಾಗಿತ್ತು. ಪೋಲೆಂಡಿನ ಯುವಗುರು ಕರೋಲ್ ವೊಯ್ತಿವಾ ಯೊವಾನ್ನರನ್ನು ಮೂಲದಲ್ಲಿ ಓದಲೆಂದೇ ಸ್ಪ್ಯಾನಿಷ್ ಕಲಿತು, ಅವರ ಬರಹಗಳಲ್ಲಿ ವಿಶ್ವಾಸವೆಂದರೇನೆಂಬುದರ ಮೇಲೆ 1948ರಲ್ಲಿ ಪ್ರಬಂಧ ಮಂಡಿಸಿದರು. ಮುಂದೆ ಅವರೇ ವಿಶ್ವಗುರು ಎರಡನೇ ಜಾನ್ ಪೌಲ್ ಆದರು. ಹಾಡುಗಳು ಅವೇ, ಬಿಂದಿಗೆಗಳು ಮೂರು.

ನಮ್ಮ ನಾಡಿಗೂ ಈ ಹೊಳೆಯ ಒಂದು ಕವಲು ಹರಿದುಬಂದಿದೆ. ಫ್ರಾನ್ಸಿನ ಪೋ ನಗರದಿಂದ ಹೊರಟ ಕಾರ್ಮೆಲ್ ಸೋದರಿಯರು 1870ರಲ್ಲಿ ಮಂಗಳೂರಿನಲ್ಲಿ ಏಕಾಂತವಾಸದ ಮಠವನ್ನು ಸ್ಥಾಪಿಸಿದರು. ಅವರಲ್ಲಿ ಪವಿತ್ರ ನಾಡಿನ ಇಬಿಲ್ಲಿನ್ ಗ್ರಾಮದಲ್ಲಿ ಹುಟ್ಟಿದ, ಓದುಬರಹ ಸರಿಯಾಗಿ ಬಾರದ ಮರಿಯಂ ಬವಾರ್ದಿ ಎಂಬ ಯುವತಿಯೂ ಇದ್ದಳು. 1871ರ ನವೆಂಬರ್ 21ರಂದು ಮಂಗಳೂರಿನಲ್ಲಿಯೇ ಆಕೆ ವ್ರತಸ್ವೀಕಾರ ಮಾಡಿದಳು. ಧ್ಯಾನದ ಪರವಶತೆಯಲ್ಲಿ ಆಕೆಯ ಬಾಯಿಂದ ಹೊಮ್ಮುತ್ತಿದ್ದ ಕವಿತೆಗಳನ್ನು ಜೊತೆಯ ಸೋದರಿಯರು ಬರೆದಿಟ್ಟುಕೊಂಡರು. 2015ರ ಮೇ 17ರಂದು ಆಕೆ ಸಂತಳೆಂದು ಘೋಷಿತಳಾದಳು. ಲತೀನ್ ಬಾರದ ಬೆಯಾಸಿನ ಸೋದರಿಯರಿಗೂ ಅಕ್ಷರ ಬಾರದ ಮರಿಯಮಳಿಗೂ ಹಾಡು ಒಂದೇ ಬಾಗಿಲನ್ನು ತೆರೆಯಿತು.

ನಮ್ಮ ಮನೆಗಳಲ್ಲಿ

ಗುರುಗಳಾದ ನಾವು ಎಲ್ಲವನ್ನೂ ವಿವರಿಸಿ ಮುಗಿಸುವ ಆತುರದವರು. ಸೆಮಿನರಿಯಲ್ಲಿ ಕಲಿತದ್ದನ್ನು ಹತ್ತು ನಿಮಿಷದ ಪ್ರಬೋಧನೆಯಲ್ಲಿ ತುಂಬಿಕೊಟ್ಟರೆ ನಮ್ಮ ಕೆಲಸ ಆಯಿತೆಂದು ಭಾವಿಸುತ್ತೇವೆ. ವಿವರಣೆ ಬೇಕು, ಯೊವಾನ್ನರೂ ಬರೆದರು. ಆದರೆ ವಿವರಣೆಯ ಅನಂತರ ಮೌನವಾಗಿರುವುದನ್ನೂ ಅವರಿಂದ ಕಲಿಯಬೇಕಾಗಿದೆ. ಮನೆಯ ಹಿರಿಯರಿಗೂ ಈ ಮಾತು ಸಲ್ಲುತ್ತದೆ. ಸಂಜೆಯ ಜಪಸರದ ಅನಂತರ ಹಾಡು ಹಾಡಿದಾಗ, ಇದರಲ್ಲಿ ನಿನಗೆ ಏನು ಕೇಳಿಸಿತು ಎಂದು ಮಗುವನ್ನು ಕೇಳಿ ನೋಡಿರಿ. ಉತ್ತರ ನಿಮ್ಮ ನಿರೀಕ್ಷೆಯದಾಗಿರದಿದ್ದರೆ ಕೂಡಲೇ ತಿದ್ದಲು ಹೋಗಬೇಡಿರಿ. ಫ್ರಾನ್ಸಿಸ್ಕಾಳ ಸರಳ ಉತ್ತರದಿಂದ ಒಬ್ಬ ಮಹಾಕವಿಗೆ ಐದು ಪದ್ಯಗಳು ದೊರೆತವೆಂಬುದು ನೆನಪಿರಲಿ.

ಶವಸಂಸ್ಕಾರದ ಪೂಜೆಯಲ್ಲಿ ಮೊದಲ ಸಾಲಿನಲ್ಲಿ ಕುಳಿತ ಆ ತಾಯಿಯ ಕಡೆಗೆ ಮತ್ತೆ ಬರೋಣ. ಮಗಳ ಮದುವೆಯಲ್ಲಿ ಆಕೆಯೂ ಅದೇ ಹಾಡನ್ನು ನಗುನಗುತ್ತಾ ಹಾಡಿದ್ದಿರಬಹುದು. ಅಂದು ಹುಲ್ಲುಗಾವಲನ್ನು ಕಂಡ ಕಣ್ಣುಗಳು ಇಂದು ಕಣಿವೆಯನ್ನು ಕಾಣುತ್ತಿವೆ. ಹಾಡು ಎರಡೂ ದಿನ ಆಕೆಯ ಕೈ ಬಿಡಲಿಲ್ಲ. ಮುಂದಿನ ಭಾನುವಾರ ಗಾನವೃಂದದೊಡನೆ ದನಿಗೂಡಿಸುವಾಗ, ನಮ್ಮ ಪಕ್ಕದಲ್ಲಿ ನಿಂತವರು ಅದೇ ಪದಗಳಲ್ಲಿ ಯಾವ ಪ್ರಾರ್ಥನೆಯನ್ನು ಸಲ್ಲಿಸುತ್ತಿದ್ದಾರೆಂದು ನಮಗೆ ತಿಳಿಯದು. ಪ್ರಭುವಿಗೆ ತಿಳಿದಿದೆ. ಅವರಿಗಾಗಿಯೂ ಒಂದು ಸಾಲು ಹಾಡೋಣ.